ಎರಡು ಬೆರಳು ಬಟ್ಟೆ

ಮಸ್ಕತ್ತಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಗೆರೆ ಎಳೆಯುವುದು ನನ್ನ ಕೆಲಸ.
ಒಂದು ಎದೆಯನ್ನು ಯಂತ್ರ ಮುನ್ನೂರು ಹೋಳು ಮಾಡಿ ಕಳಿಸುತ್ತದೆ.
ಹೋಳು ಹೋಳಿನಲ್ಲೂ ಅಂಚು ಹುಡುಕಿ ಹಳದಿ ಗೆರೆ:
ಇಲ್ಲಿವರೆಗೆ ಶ್ವಾಸಕೋಶ, ಇಲ್ಲಿಂದ ಅದು.
ಅದು ಅಂತಲೇ ಅನ್ನುತ್ತೇವೆ, ಚಹಾ ಕುಡಿಯುವಾಗಲೂ.

ಹೊರಗೆ ನಲವತ್ತಾರು ಡಿಗ್ರಿ.
ಇಲ್ಲಿ ಯಂತ್ರಕ್ಕೆ ಸೆಕೆಯಾಗಬಾರದೆಂದು ಹದಿನೆಂಟು.
ಜುಲೈ ತಿಂಗಳಲ್ಲೂ ನಾನು ಸ್ವೆಟರಿನೊಳಗೆ.

ನೂರ ಹದಿನೇಳನೆಯ ರೋಗಿಗೆ ಹೆಸರಿಲ್ಲ. ನಿಯಮ.
ಆದರೆ ಬಲ ಹೆಗಲು ತುಸು ಕೆಳಗೆ,
ಕತ್ತು ಮುಂದಕ್ಕೆ ಬಾಗಿ ಹಾಗೇ ಗಟ್ಟಿಯಾಗಿದೆ,
ಮೂವತ್ತು ವರ್ಷ ಸೂಜಿಯ ಕೆಳಗೇ ನೋಡಿದ ಬೆನ್ನು.
ಇದನ್ನು ನಾನು ಬಲ್ಲೆ.

ರೂವಿಯ ಗಲ್ಲಿಯಲ್ಲಿ ಅಂಗಡಿ. ಮೌಲಾಲಿ, ಕುಷ್ಟಗಿಯವ.
ಓಮಾನಿಗಳ ದಿಶ್‌ದಾಶ ಹೊಲಿಯುತ್ತಾನೆ,
ಕೊರಳಿಂದ ಇಳಿಯುವ ಗೊಂಡೆಯನ್ನು ಕೊನೆಗೆ,
ಉಸಿರು ಬಿಗಿಹಿಡಿದು.
ನನ್ನ ಎರಡು ಚೂಡಿದಾರವೂ ಅವನ ಕೈಯವೇ.
ಅವನು ಸೋಪಿನ ಚೂರಲ್ಲಿ ಎಳೆದ ಗೆರೆ ಒಗೆದರೆ ಹೋಗುತ್ತದೆ.

ಬುಧವಾರ ಕಾರಿಡಾರಿನಲ್ಲಿ ಸಿಕ್ಕ.
"ಫೋಟೋ ತಗದ್ರು. ಆಮ್ಯಾಲ ಸೂಜಿ ಹಾಕಿ
ಒಂದ್ ಚೂರು ಕಿತಗೊಂಡ್ರು. ಎರಡೂ ಯಾಕ್ರಿ ಅಕ್ಕಾರ?"
ಚಿತ್ರ ಆಕಾರ ಹೇಳುತ್ತದೆ, ಅಂದೆ,
ಚೂರಿನೊಳಗಿನ ಜೀನು ಸ್ವಭಾವ ಹೇಳುತ್ತದೆ,
ಕೂಡಿಸಿದರೆ ಮುಂದೇನು ಅಂತ
ಊಹಿಸಬಹುದು, ಸುಮಾರಾಗಿ.

"ತಿಳೀತು ಬಿಡ್ರಿ.
ಟೇಪು ಮೈ ಹೇಳತೈತಿ, ಬಟ್ಟಿ ಹೇಳಂಗಿಲ್ಲ.
ಬಟ್ಟಿ ಗುರತಾ ಹಿಡೀಬೇಕಂದ್ರ ಒಂದ್ ಎಳಿ ಜಗ್ಗಿ ಸುಡಬೇಕು.
ಕಾಗದ ಸುಟ್ಟ ವಾಸನಿ ಬಂದ್ರ ಹತ್ತಿ.
ಕೂದಲಾ ಸುಟ್ಟಂಗ ಬಂದ್ರ ಉಣ್ಣಿ, ರೇಶ್ಮಿ.
ಗುಂಡಗ ಕರಗಿ ಬೆರಳಿಗೆ ಹತ್ತಿದ್ರ ಪಾಲಿಸ್ಟರು.
ಎರಡೂ ಗೊತ್ತಾದ್ರನ ಹೇಳಬಹುದು
ಒಗದ ಮ್ಯಾಲ ಎಷ್ಟು ಕುಗ್ಗತೈತಿ ಅಂತ."

ನಾಲ್ಕು ವರ್ಷ ಫೀಸು ಕಟ್ಟಿ ಕಲಿತಿದ್ದೆ ನಾನು ಇದನ್ನು.

ಮುಳ್ಳು ಮುಳ್ಳು ಅಂಚಿನ ಆ ಚಿತ್ರವನ್ನಷ್ಟೇ ಕೊಟ್ಟಾಗ
ಎರಡು ವರ್ಷ ಬದುಕುವ ಸಾಧ್ಯತೆ
ನೂರಕ್ಕೆ ನಲವತ್ತು ಅಂದಿತ್ತು ಯಂತ್ರ.
ಜೀನಿನ ವರದಿ ಬಂದ ಮೇಲೆ ಅರವತ್ತೊಂದು.
ಒಂದು ಅಕ್ಷರ ತಪ್ಪಿದೆಯಂತೆ ಅಲ್ಲಿ,
ಆ ತಪ್ಪಿಗೆ ಒಂದು ಮಾತ್ರೆ ಇದೆಯಂತೆ.
ಹೇಳುವ ಹಕ್ಕು ನನಗಿಲ್ಲ. ಡಾಕ್ಟರ್ ಬುಸೈನಾ ಹೇಳಬೇಕು.

ಅವನು ಅದನ್ನು ಕೇಳಲೂ ಇಲ್ಲ.
"ನನಗಿಂತ ಮೊದಲ ನಿಮ್ಮ ಮಸೀನು
ಎಷ್ಟ್ ಮಂದಿ ಅಳತಿ ತಗೊಂಡೈತ್ರಿ?"
ನಾಲ್ಕು ಸಾವಿರ.
"ಅದರಾಗ ನಮ್ಮ ಕಡಿಯವ್ರು?"
ಸ್ವೆಟರಿನ ಗುಂಡಿ ಹಾಕಿದೆ, ತೆಗೆದೆ.
ಹನ್ನೊಂದು.

ನಕ್ಕ. ನಗು ಕೆಮ್ಮಾಗಿ ಗೋಡೆ ಹಿಡಿದ.
"ಹಂಗಾರ ರೆಡಿಮೇಡ್ ಅಂಗಿ!
ಬಗಲಾಗ ಬಿಗೀತೈತಿ. ಇರ್ಲಿ,
ಬರಿಮೈಗಿಂತ ಛಲೋ.
ನನ್ನ ಅಳತೀನೂ ಬರಕೊಳ್ರಿ ಅದರಾಗ."

ಒಪ್ಪಿಗೆಯ ಕಾಗದ ಅರಬ್ಬಿಯಲ್ಲಿತ್ತು, ಇಂಗ್ಲಿಷು, ಉರ್ದು,
ಮಲಯಾಳದಲ್ಲಿತ್ತು. ಕನ್ನಡದಲ್ಲಿ ಇರಲಿಲ್ಲ.
ಬೆಂಚಿನ ಮೇಲೆ ಕೂತು ನಾನೇ ಓದಿ ಹೇಳಿದೆ.
ಒಂದು ಸಾಲಿನಲ್ಲಿ ಸಿಕ್ಕಿಬಿದ್ದು,
ಗಿರಾಕಿಯ ಹೆಸರು ಬರೆಯದ ಅಳತೆ ಪುಸ್ತಕ, ಅಂದೆ.
"ಹೆಸರಿಲ್ಲದ್ರ ಅಂಗಿ ಯಾರಿಗೆ ಕೊಡೋದು?"
ಗೊತ್ತಿಲ್ಲ. ಮುಂದೆ ಬರುವವರಿಗೆ.
ಸಹಿ ಹಾಕಿದ, ನಿಧಾನವಾಗಿ, ಕಾಜಾ ಹೊಲಿದಂತೆ.
ಹನ್ನೆರಡು.

ರಾತ್ರಿ ಇಸ್ತ್ರಿ ಮಾಡುವಾಗ ಚೂಡಿದಾರ ಒಳಹೊರಗು ಮಾಡಿದೆ.
ಪಕ್ಕದ ಹೊಲಿಗೆಗಳಲ್ಲಿ, ನಾನು ಕೇಳದಿದ್ದರೂ,
ಎರಡೆರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದಾನೆ,
ಎಂದಾದರೂ ಬಿಚ್ಚಿ ಅಗಲ ಮಾಡಬೇಕಾದೀತು ಅಂತ.

ಬೆಳಿಗ್ಗೆ ವರದಿ ತುಂಬಿದೆ. ಅರವತ್ತೊಂದು.
ಅದರ ಪಕ್ಕಕ್ಕೆ: ಮೂವತ್ತೆಂಟರಿಂದ ಎಂಬತ್ತರವರೆಗೆ.
ಇಷ್ಟು ಅಗಲ ಬಿಟ್ಟರೆ ಯಾರು ನಂಬುತ್ತಾರೆ,
ಅಂಚು ತೆಗೆದು ಬರೀ ಸಂಖ್ಯೆ ಕೊಡು, ಅಂದರು ಮೇಲಿನವರು.

ನಾನು ಕತ್ತರಿಸಲಿಲ್ಲ.